ಹತ್ತುವುದನ್ನು ಮೊದಲು ಕಲಿಸಿ

ನಾಯಿಗೆ ಈಜು ಕಲಿಸಲು ಹೊರಟಿದ್ದೇನೆ ಎಂದು ಫೋನಿನಲ್ಲಿ ಹೇಳಿದಾಗ ಅಪ್ಪ ಬಿದ್ದು ಬಿದ್ದು ನಕ್ಕರು. "ಅಲ್ಲ ಮಾರಾಯ್ತಿ, ನಾಯಿಗೆ ಯಾರಾದ್ರೂ ಈಜು ಕಲಿಸ್ತಾರಾ? ಎತ್ತಿ ನೀರಿಗೆ ಹಾಕು, ಅದೇ ಈಜ್ತದೆ."

ಅಲ್ಲ ಎನ್ನುವಷ್ಟು ತಿಳಿವಳಿಕೆ ಆಗ ನನಗೂ ಇರಲಿಲ್ಲ. ತೀರ್ಥಹಳ್ಳಿ ಕಡೆಯ ನಮ್ಮೂರಿನಲ್ಲಿ ನಾನು ನೋಡಿ ಬೆಳೆದ ನಾಯಿಗಳೆಲ್ಲ ಈಜುತ್ತಿದ್ದವು. ಮಳೆಗಾಲದಲ್ಲಿ ನಾವು ಹಳ್ಳದ ಮೇಲಿನ ಸಂಕವನ್ನು ಜೀವ ಕೈಯಲ್ಲಿ ಹಿಡಿದು ದಾಟುತ್ತಿದ್ದರೆ, ನಾಯಿ ಕೆಳಗಿನ ಕೆಂಪು ನೀರಿನಲ್ಲಿ ಮೂಗು ಮೇಲೆ ಮಾಡಿಕೊಂಡು ಹೋಗಿ, ಆಚೆ ದಡದಲ್ಲಿ ಮೈ ಕೊಡವಿ, ಇನ್ನೂ ಬರಲಿಲ್ಲವಲ್ಲ ಇವರು ಎಂಬಂತೆ ಕಾದು ನಿಂತಿರುತ್ತಿತ್ತು. ನಮ್ಮ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ಕೆರೆಗೆ ಇಳಿಸುವಾಗಲೂ ದೊಡ್ಡವರು ಹೇಳುತ್ತಿದ್ದದ್ದು, ನಾಯಿ ಕೈಕಾಲು ಬಡಿಯುವ ಹಾಗೆ ಬಡಿ ಎಂದೇ. ಈಜಿನ ಗುರುವೇ ನಾಯಿ ಎಂದಮೇಲೆ ಗುರುವಿಗೆ ಪಾಠ ಹೇಳುವುದೇನು?

ನಮ್ಮ ಕೆಂಚ ಲ್ಯಾಬ್ರಡಾರ್. ಆಗ ನಾಲ್ಕು ವರ್ಷ, 41 ಕಿಲೋ ತೂಕ. ಹಿಂಗಾಲಿನ ಸೊಂಟದ ಕೀಲು ಸರಿ ಕೂತಿಲ್ಲ, ಈ ತಳಿಯಲ್ಲಿ ಇದು ಸಾಮಾನ್ಯ, ತೂಕ ಇಳಿಸಿ, ಓಡಿಸಬೇಡಿ, ಈಜಿಸಿ ಎಂದು ಡಾಕ್ಟರು ಹೇಳಿದ್ದರು. ನೀರು ಮೈಭಾರ ಹೊರುವುದರಿಂದ ಕೀಲಿಗೆ ಪೆಟ್ಟಿಲ್ಲದೆ ಮಾಂಸಖಂಡ ಗಟ್ಟಿಯಾಗುತ್ತದೆ. ಸಲಹೆ ಸರಿಯಾಗಿಯೇ ಇತ್ತು. ಪುಣೆಯ ಹೊರವಲಯದಲ್ಲಿ ನಾಯಿಗಳಿಗೆಂದೇ ಒಂದು ಪೂಲು ಇದೆ ಎಂದು ಗೊತ್ತಾಗಿ ಭಾನುವಾರ ಬೆಳಿಗ್ಗೆ ಹೋದೆವು. ಅಲ್ಲಿನ ಹುಡುಗ ಕೆಂಚನ ಬೆಲ್ಟು ಬಿಚ್ಚಿದ, ಎರಡೂ ಕೈಯಲ್ಲಿ ತಬ್ಬಿ ಎತ್ತಿದ, ಆಳದ ಕಡೆ ನೀರಿಗೆ ಬಿಟ್ಟ. ನಾನು ಹಾಂ ಎನ್ನುವುದರೊಳಗೆ "ಲ್ಯಾಬ್ ಆಹೇ ಮ್ಯಾಡಂ, ಕಾಹೀ ಹೋತ್ ನಾಹೀ" ಎಂದ. ಲ್ಯಾಬ್ ಅಲ್ಲವೇ, ಏನೂ ಆಗೋದಿಲ್ಲ.

ಕೆಂಚ ಮುಳುಗಿ ಮೇಲೆ ಬಂದ. ಮುಂಗಾಲೆರಡನ್ನೂ ನೀರಿನಿಂದ ಹೊರಗೆತ್ತಿ ಪಟಪಟ ಬಡಿಯತೊಡಗಿದ. ಹಿಂಭಾಗ ಕೆಳಗೆ ಇಳಿಯುತ್ತಿತ್ತು. ನಾನು ಆಳದ ಅಂಚಿನಲ್ಲೇ ಫೋನು ಹಿಡಿದು ನಿಂತು "ಬಾ ಕೆಂಚ, ಬಾ ಬಾ" ಎಂದು ಕರೆಯುತ್ತಿದ್ದೆ. ಹೇಳಿದ ಮಾತು ಕೇಳುವ ನಾಯಿ ಅದು, ನೇರ ನನ್ನ ಕಡೆಗೇ ಬಂತು. ಅಲ್ಲಿ ಅಂಚು ನೀರಿಗಿಂತ ಒಂದಡಿ ಎತ್ತರ. ಟೈಲ್ಸಿನ ಮೇಲೆ ಉಗುರು ಕೆರೆಯುವ ಸದ್ದು, ಜಾರಿ ಮತ್ತೆ ಮುಳುಗುವುದು, ಮತ್ತೆ ಬಂದು ಅದೇ ಜಾಗವನ್ನು ಕೆರೆಯುವುದು. ಮೆಟ್ಟಿಲು ಇದ್ದದ್ದು ಪೂಲಿನ ಇನ್ನೊಂದು ತುದಿಯಲ್ಲಿ. ಅಲ್ಲೊಂದು ಮೆಟ್ಟಿಲಿದೆ ಎಂಬುದು ಅವನಿಗೆ ಹೇಗೆ ತಿಳಿಯಬೇಕು? ಅವನು ಅದನ್ನು ನೋಡಿಯೇ ಇರಲಿಲ್ಲ. ಕಡೆಗೆ ಆ ಹುಡುಗನೇ ಹಾರಿ ಹಿಂದಿನಿಂದ ಹಿಡಿದು ಮೇಲೆ ತಂದ. ಎಲ್ಲ ಸೇರಿ ಎರಡು ನಿಮಿಷವೂ ಆಗಿರಲಿಕ್ಕಿಲ್ಲ. ಆ ವಿಡಿಯೋ ಇನ್ನೂ ನನ್ನ ಫೋನಿನಲ್ಲಿದೆ. ಅದರ ಅರ್ಧದವರೆಗೆ ನನ್ನ ದನಿಯಲ್ಲಿ ನಗುವಿದೆ.

ಆಮೇಲೆ ಎರಡು ತಿಂಗಳು ಕೆಂಚ ಬಾತ್‌ರೂಮಿಗೆ ಕಾಲಿಡಲಿಲ್ಲ. ಬಕೆಟ್ಟಿಗೆ ನೀರು ಬೀಳುವ ಸದ್ದಾದರೆ ಮಂಚದ ಕೆಳಗೆ. ಯಾವ ಔಷಧಿ ಅವನ ಕೀಲಿಗೆ ಬೇಕಿತ್ತೋ ಅದೇ ಅವನಿಗೆ ಭಯವಾಗಿ ಕೂತಿತು. ತಪ್ಪು ಆ ಹುಡುಗನದೊಂದೇ ಅಲ್ಲ. ಹತ್ತಲಾಗದ ಕಡೆಯಿಂದ ಕರೆದವಳು ನಾನು.

ಅಪ್ಪನ ಮಾತನ್ನು ಮತ್ತೆ ಯೋಚಿಸಿದಾಗ ನೆನಪಾದದ್ದು ಊರಿನ ಬಾವಿಗಳು. ಬಾವಿಗೆ ಬಿದ್ದು ಸತ್ತ ನಾಯಿಯ ಕತೆ ಇಲ್ಲದ ಊರು ಕರ್ನಾಟಕದಲ್ಲಿ ಇರಲಾರದು. ಬೆಕ್ಕು ಅಟ್ಟಿಸಿಕೊಂಡು ಹೋಗಿ ಬಿದ್ದದ್ದು, ರಾತ್ರಿ ಕಟ್ಟೆ ಇಲ್ಲದ ಬಾವಿ ಕಾಣದೆ ಬಿದ್ದದ್ದು. ಆ ನಾಯಿಗಳಿಗೆ ಈಜು ಬರುತ್ತಿರಲಿಲ್ಲ ಎಂದು ಯಾರೂ ಹೇಳಲಾರರು. ಬರುತ್ತಿತ್ತು. ಗಂಟೆಗಟ್ಟಲೆ ಗೋಡೆಗುಂಟ ಸುತ್ತು ಹೊಡೆಯುತ್ತವೆ, ಕಲ್ಲು ಕೆರೆಯುತ್ತವೆ, ಸುಸ್ತಾಗುತ್ತವೆ. ಅವನ್ನು ಕೊಲ್ಲುವುದು ನೀರಲ್ಲ, ಹತ್ತಲು ಜಾಗವಿಲ್ಲದಿರುವುದು. ನಮ್ಮ ಹಳೆಯ ಕಲ್ಯಾಣಿ, ಪುಷ್ಕರಣಿಗಳಿಗೆ ನಾಲ್ಕೂ ಕಡೆ ಮೆಟ್ಟಿಲಿರುತ್ತಿದ್ದದ್ದು ಮನುಷ್ಯರ ಅನುಕೂಲಕ್ಕೇ ಇರಬಹುದು, ಆದರೆ ಅದರಿಂದ ನಾಯಿ, ದನ, ಕರುವೂ ಬದುಕಿಕೊಂಡವು. ಈಗ ನಾವು ಕಟ್ಟುತ್ತಿರುವ ನೀರಿನ ಜಾಗಗಳು ಹಾಗಿಲ್ಲ. ಕರ್ನಾಟಕದಲ್ಲಿ 2014ರಿಂದ ಕೃಷಿ ಭಾಗ್ಯದ ಹೊಂಡಗಳು, ಇತ್ತ ಮಹಾರಾಷ್ಟ್ರದಲ್ಲಿ ಕೇಳಿದವರಿಗೆ ಕೊಟ್ಟ ಶೇತತಳೆಗಳು. ಬರದ ನಾಡಿಗೆ ಅವು ವರವೇ. ಆದರೆ ನೀರು ಇಂಗಬಾರದೆಂದು ಹಾಸುವ ಪ್ಲಾಸ್ಟಿಕ್ ಹಾಳೆ ಒದ್ದೆಯಾದರೆ ಗಾಜಿನ ಹಾಗೆ ಜಾರುತ್ತದೆ. ಇಳಿಜಾರು ಕಣ್ಣಿಗೆ ಸಲೀಸು, ಕಾಲಿಗೆ ಅಲ್ಲ. ನೀರು ಕುಡಿಯಲು ಬಾಗಿದ ನಾಯಿ ಜಾರಿದರೆ ಅಲ್ಲೂ ಬಾವಿಯದೇ ಕತೆ. ಅಪಾರ್ಟ್‌ಮೆಂಟಿನ ನೀಲಿ ಪೂಲಿಗೂ ಅಷ್ಟೇ: ಗೋಡೆಗೆ ಸಿಕ್ಕಿಸಿದ ಉಕ್ಕಿನ ಏಣಿಯನ್ನು ನಾಯಿ ಹತ್ತಲಾರದು.

ಹಾಗಾಗಿ ನಾಯಿಗೆ ಈಜು ಕಲಿಸುವುದು ಎಂದರೆ ಕಾಲು ಬಡಿಯಲು ಕಲಿಸುವುದು ಎಂದು ನಾನು ಈಗ ಒಪ್ಪುವುದಿಲ್ಲ. ನೀರಿಗೆ ಬಿದ್ದರೆ ಬಹುತೇಕ ನಾಯಿಗಳು ತಾವಾಗಿಯೇ ಕಾಲು ಆಡಿಸುತ್ತವೆ. ನಾಯಿಗೆ ಯಾರೋ ಕಲಿಸಲೇಬೇಕಾದ ಪಾಠ, ನೀರಿನಿಂದ ಹೊರಗೆ ಬರುವ ದಾರಿ ಎಲ್ಲಿದೆ ಎನ್ನುವುದು. ಅದು ಗೊತ್ತಿರುವ ನಾಯಿ ಹೆದರುವುದಿಲ್ಲ, ಹೆದರದ ನಾಯಿ ಬೇಗ ದಣಿಯುವುದಿಲ್ಲ. ಊರಿನ ನಾಯಿಗಳಿಗೆ ಇದನ್ನು ಯಾರು ಕಲಿಸಿದರು ಎಂದು ಅಪ್ಪ ಕೇಳಬಹುದು. ಹಳ್ಳವೇ ಕಲಿಸಿತು. ಬೇಸಿಗೆಯಲ್ಲಿ ಪಾದ ಮುಳುಗುವಷ್ಟು ನೀರಿದ್ದಾಗ ತಾಯಿಯ ಹಿಂದೆ ಓಡಾಡಿದ ಮರಿ, ಜೂನ್ ಹೊತ್ತಿಗೆ ಆ ದಡದ ಒಂದೊಂದು ಕಲ್ಲನ್ನೂ ಬಲ್ಲದು. ಯಾವತ್ತು ನೀರು ಜಾಸ್ತಿ ಎಂದು ಅನಿಸಿತೋ ಅವತ್ತು ಅದು ಇಳಿಯುತ್ತಲೇ ಇರಲಿಲ್ಲ, ಈಚೆ ದಡದಲ್ಲಿ ಕೂತು ಊಳಿಡುತ್ತಿತ್ತು. ಅದನ್ನು ನಾವು ಮರೆತಿದ್ದೇವೆ. ಕೊಚ್ಚಿ ಹೋದವನ್ನೂ ಮರೆತಿದ್ದೇವೆ, ಅವುಗಳ ಲೆಕ್ಕ ಇಟ್ಟವರಿಲ್ಲ.

ಲ್ಯಾಬ್ರಡಾರಿನ ರಕ್ತದಲ್ಲೇ ನೀರಿದೆ ಎನ್ನುವ ಮಾತಿಗೂ ಇದೇ ಉತ್ತರ. ಅದರ ಹಿರೀಕರು ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಸೇಂಟ್ ಜಾನ್ಸ್ ನೀರುನಾಯಿಗಳು. ಹಿಮದಂಥ ಕಡಲಿನಲ್ಲಿ ಬೆಸ್ತರ ಜೊತೆ ಬಲೆ ಎಳೆದು, ತಪ್ಪಿಸಿಕೊಂಡ ಮೀನು ಹಿಡಿದು ತರುತ್ತಿದ್ದವು. ಆ ತಳಿ ಈಗ ಇಲ್ಲ. ಅದು ಬಿಟ್ಟುಹೋದ ದಪ್ಪ ಬಾಲ, ಎರಡು ಪದರದ ತುಪ್ಪಳ, ಬೆರಳ ನಡುವಿನ ಪೊರೆ ನಮ್ಮ ಕೆಂಚನಿಗೂ ಇದೆ. ಆದರೆ ಆ ನಾಯಿಗಳು ಹುಟ್ಟಿದ್ದೇ ದೋಣಿಯ ಬುಡದಲ್ಲಿ. ಕೆಂಚ ಬೆಳೆದದ್ದು ನಾಲ್ಕನೇ ಮಹಡಿಯ ವಿಟ್ರಿಫೈಡ್ ಟೈಲ್ಸಿನ ಮೇಲೆ. ಅವನು ಕಂಡ ಅತಿ ದೊಡ್ಡ ಜಲರಾಶಿ ನೆಲ ಒರೆಸುವ ಬಕೆಟ್ಟು.

ಲ್ಯಾಬ್ರಡಾರಿನ ಪಾಡೇ ಹೀಗಾದರೆ ಉಳಿದವುಗಳದ್ದನ್ನು ಕೇಳುವುದೇ ಬೇಡ. ಹಚ್ ಕಂಪನಿಯ ಜಾಹೀರಾತು ಬಂದ ಮೇಲೆ ನಮ್ಮ ಮಧ್ಯಮ ವರ್ಗದ ಮನೆಗಳಿಗೆ ನುಗ್ಗಿದ ಪಗ್ಗಿಗೆ ಮೂಗೇ ಇಲ್ಲ. ಇರುವ ಇಷ್ಟು ಮೂಗನ್ನು ನೀರಿನ ಮೇಲಿಡಬೇಕೆಂದರೆ ತಲೆಯನ್ನು ಪೂರ್ತಿ ಹಿಂದಕ್ಕೆ ವಾಲಿಸಬೇಕು, ವಾಲಿಸಿದರೆ ಹಿಂಭಾಗ ಮುಳುಗುತ್ತದೆ. ಬುಲ್‌ಡಾಗಿಗೆ ತಲೆಯೇ ಭಾರ. ಡ್ಯಾಶ್‌ಹೌಂಡಿನ ಗೇಣುದ್ದದ ಕಾಲು ಆ ಉದ್ದ ಮೈಯನ್ನು ಎಷ್ಟು ದೂರ ತಳ್ಳೀತು? ನಮ್ಮ ಬಾಗಲಕೋಟೆಯ ಮುಧೋಳ ನಾಯಿ ಬಯಲಿನಲ್ಲಿ ಗಾಳಿ, ಆದರೆ ಮೈಯಲ್ಲಿ ಕೊಬ್ಬಿಲ್ಲ, ತುಪ್ಪಳ ತೆಳು. ತೇಲುವುದು ಕಷ್ಟ, ಚಳಿ ಬೇಗ. ಇವುಗಳು ನೀರಿಗೆ ಇಳಿಯಲೇಬಾರದು ಎನ್ನುತ್ತಿಲ್ಲ. ಪಗ್ ಸಾಕಿದವರು ಹೊಟ್ಟೆ ಮುಟ್ಟುವಷ್ಟು ನೀರಿನಲ್ಲಿ ಆಡಿಸಿ ತೃಪ್ತಿಪಡಬೇಕು ಅಂತಷ್ಟೇ.

ಎರಡನೇ ಸಲ ನಾವು ಹೇಗೆ ಹೋದೆವು ಎಂದು ಹೇಳುತ್ತೇನೆ. ಮೊದಲು ಲೈಫ್ ಜಾಕೆಟ್ ತಂದೆವು, ಬೆನ್ನ ಮೇಲೆ ಹಿಡಿ ಇರುವಂಥದು. ಆ ಹಿಡಿ ಬಹಳ ಮುಖ್ಯ. ಗಾಬರಿಯಾದ 41 ಕಿಲೋ ನಾಯಿಯನ್ನು ನೀರಿನಲ್ಲಿ ಬೇರೆ ಹೇಗೂ ಹಿಡಿಯಲಾಗದು, ಅದು ನಿಮ್ಮ ಹೆಗಲ ಮೇಲೆ ಹತ್ತಲು ನೋಡುತ್ತದೆ, ಉಗುರಿನಿಂದ ಗೀರುತ್ತದೆ, ನಿಮ್ಮನ್ನೂ ಮುಳುಗಿಸುತ್ತದೆ. ಒಂದು ವಾರ ಕೆಂಚ ಆ ಜಾಕೆಟ್ ಹಾಕಿಕೊಂಡು ಹಾಲ್‌ನಲ್ಲೇ ಊಟ ಮಾಡಿದ. ಆಮೇಲೆ ಬೇರೊಂದು ಪೂಲು ಹುಡುಕಿದೆವು. ಅಲ್ಲಿ ಮೆಟ್ಟಿಲಿನ ಬದಲು ಅಗಲವಾದ ಇಳಿಜಾರು ಇತ್ತು. ಮೊದಲ ದಿನ ನೀರಿಗೆ ಇಳಿಯಲೇ ಇಲ್ಲ. ಪೂಲಿನ ಸುತ್ತ ನಡೆದೆವು, ಇಳಿಜಾರಿನ ಒಣ ಭಾಗದಲ್ಲಿ ಕೂತು ಬೇಯಿಸಿದ ಕೋಳಿಯ ಚೂರು ತಿಂದೆವು (ತಿಂದದ್ದು ಅವನು), ಮನೆಗೆ ಬಂದೆವು. ಒಂದು ಗಂಟೆಯ ದುಡ್ಡು ಕೊಟ್ಟು ನೀರು ಮುಟ್ಟದೆ ಬಂದದ್ದಕ್ಕೆ ನನ್ನ ಗಂಡ ಇವತ್ತಿಗೂ ಆಡಿಕೊಳ್ಳುತ್ತಾನೆ.

ಎರಡನೇ ದಿನ ನಾನು ಮೊದಲು ಇಳಿದು ಇಳಿಜಾರಿನ ಕೆಳಗೆ ಕೂತೆ. ಅವನು ಪಾದದವರೆಗೆ ಬಂದ, ಹಿಂದೆ ಹೋದ. ಕರೆಯಲಿಲ್ಲ. ಮತ್ತೆ ಬಂದ. ಮೂರನೇ ವಾರಕ್ಕೆ ಎದೆಯವರೆಗೆ. ಕಾಲು ನೆಲ ಬಿಟ್ಟ ಮೊದಲ ಸಲ ನಾನು ಒಂದು ಕೈ ಹೊಟ್ಟೆಯ ಕೆಳಗೆ, ಹಿಂಭಾಗಕ್ಕೆ ಹತ್ತಿರ ಕೊಟ್ಟು, ಅವನನ್ನು ಆಳದ ಕಡೆಗಲ್ಲ, ಇಳಿಜಾರಿನ ಕಡೆಗೆ ತಿರುಗಿಸಿದೆ. ಮೂರು ಸಲ ಕಾಲಾಡಿಸಿದ, ನೆಲ ಸಿಕ್ಕಿತು, ಹತ್ತಿದ, ಮೈ ಕೊಡವಿದ. ನಮ್ಮ ಪಾಠವೆಲ್ಲ ಅಷ್ಟೇ. ಆಮೇಲೆ ಪ್ರತಿ ಸಲ ಇನ್ನೊಂದು ಮೊಳ ದೂರದಿಂದ, ಇನ್ನೊಂದು ದಿಕ್ಕಿನಿಂದ ಬಿಟ್ಟು ಅದೇ ಇಳಿಜಾರಿಗೆ ಬರುವುದನ್ನು ರೂಢಿ ಮಾಡಿಸಿದ್ದು. ಇಳಿಜಾರಿನ ಪಕ್ಕ ಒಂದು ಹಳದಿ ಬಕೆಟ್ ಇಡುತ್ತಿದ್ದೆವು, ಗುರುತಿಗೆ. ಕರೆಯುವವರು ಯಾವಾಗಲೂ ಆ ಬಕೆಟ್ಟಿನ ಹತ್ತಿರವೇ ನಿಲ್ಲಬೇಕು, ಬೇರೆಲ್ಲಿಂದಲೂ ಕರೆಯಕೂಡದು ಎನ್ನುವುದು ಮನೆಯವರಿಗೆಲ್ಲ ಕಟ್ಟಪ್ಪಣೆ. ನಾಯಿ ಚೆನ್ನಾಗಿ ಈಜುತ್ತಿದೆಯೇ ಎಂದು ತಿಳಿಯಲು ಬೆನ್ನು ನೋಡಿ: ಬೆನ್ನು ನೀರಿಗೆ ಸಮನಾಗಿದ್ದು, ಮುಂಗಾಲು ನೀರಿನೊಳಗೇ ಸದ್ದಿಲ್ಲದೆ ಆಡುತ್ತಿದ್ದರೆ ಸರಿ. ನೀರು ಚಿಮ್ಮುತ್ತಿದ್ದರೆ ಅದು ಆಟವಲ್ಲ, ಗಾಬರಿ. ರೀಲ್ಸ್‌ಗಳಲ್ಲಿ ನಾವು ನಕ್ಕು ಲೈಕ್ ಒತ್ತುವ ಎಷ್ಟೋ ದೃಶ್ಯಗಳಲ್ಲಿ ನಾಯಿ ಚಿಮ್ಮಿಸುತ್ತಿರುವುದು ಈ ನೀರನ್ನೇ.

ಅವನು ಬೇಡ ಎಂದ ದಿನ ನಾವು ವಾಪಸ್ ಬಂದಿದ್ದೇವೆ. ಇದನ್ನು ಕೇಳಿ ನಗುವವರಿದ್ದಾರೆ. ನಾಯಿಯ ಒಪ್ಪಿಗೆ ಕೇಳುವಷ್ಟು ಪುರುಸೊತ್ತು ಯಾರಿಗಿದೆ ಎಂದು. ಅಮೆರಿಕದಲ್ಲಿ ಡಾಕ್ ಡೈವಿಂಗ್ ಎಂಬ ಆಟವಿದೆ, 1997ರ ಸುಮಾರಿಗೆ ಶುರುವಾದದ್ದು. ಕಟ್ಟೆಯ ಮೇಲೆ ಓಡಿ ಬಂದು ಆಟಿಕೆಯ ಹಿಂದೆ ನೀರಿಗೆ ಹಾರುವ ನಾಯಿ ಎಷ್ಟು ದೂರ ಹಾರಿತು ಎಂದು ಅಳೆಯುತ್ತಾರೆ. ಅಲ್ಲಿ ದೊಡ್ಡ ದೊಡ್ಡ ದೂರ ಹಾರುವವು ನೀರಿನ ತಳಿಗಳಷ್ಟೇ ಅಲ್ಲ, ನಮ್ಮ ಮುಧೋಳದ ಹಾಗೆ ಸಣಕಲು ಮೈಯ ವಿಪೆಟ್ಟುಗಳೂ ಇವೆ. ಆ ಆಟದ ಒಳ್ಳೆಯ ತರಬೇತುದಾರರು ಹಾರುವುದಕ್ಕಿಂತ ಮುಂಚೆ ಕಲಿಸುವುದು, ಪೂಲಿನಿಂದ ಮೇಲೆ ಬರುವ ಇಳಿಜಾರನ್ನು. ಹಾರಲು ತಳ್ಳುವುದಿಲ್ಲ. ತಳ್ಳಿದ ನಾಯಿ ಮುಂದಿನ ಸಲ ಕಟ್ಟೆಯ ತುದಿಯಲ್ಲಿ ನಿಂತುಬಿಡುತ್ತದೆ ಎಂಬುದು ಅವರಿಗೆ ಗೊತ್ತು. ಕರುಣೆಯ ಮಾತು ಬೇಡವೆಂದರೂ, ಲೆಕ್ಕದ ಮಾತಾಗಿಯಾದರೂ ಒಪ್ಪಿಗೆ ಬೇಕು. ನನ್ನ ಮಟ್ಟಿಗೆ ಎರಡು ನಿಮಿಷದ ಅವಸರದ ಬೆಲೆ ಐದು ತಿಂಗಳು.

ಈಗ ಪವನಾ ಕೆರೆಯ ಕಡೆಗೋ ಗೋವೆಗೋ ಹೋದವರು ಪ್ಯಾಡಲ್ ಬೋರ್ಡಿನ ಮೇಲೆ ನಾಯಿಯನ್ನು ಕೂರಿಸಿ ಫೋಟೋ ಹಾಕುತ್ತಾರೆ. ಚೆಂದವೇ. ನಾನು ಕೇಳುವುದು ಒಂದೇ: ಹಲಗೆ ಮಗುಚಿದರೆ ಆ ನಾಯಿಗೆ ವಾಪಸ್ ಹತ್ತಲು ಬರುತ್ತದೆಯೇ? ಮೊಣಕಾಲುದ್ದ ನೀರಿನಲ್ಲಿ ಹಲಗೆ ಹತ್ತಿ ಇಳಿದು ಅಭ್ಯಾಸವಾಗಿದೆಯೇ? ಕಡಲಿನ ಮಾತು ಇನ್ನೂ ಬೇರೆ. ಚೆನ್ನೈಯ ಮರೀನಾದಲ್ಲಿ ಈಜು ಬಲ್ಲ ಮನುಷ್ಯರನ್ನೇ ಸೆಳವು ಎಳೆದೊಯ್ಯುತ್ತದೆ. ಅಲೆ ಮೇಲೆ ಹಾಕಿದ ನಾಯಿಯನ್ನು ಅದೇ ಅಲೆ ಒಳಗೆಳೆಯುವಾಗ ದಡವೆಲ್ಲಿ ಎಂದು ಅದಕ್ಕೆ ತಿಳಿಯುವುದಿಲ್ಲ. ಉಪ್ಪುನೀರು ಕುಡಿದರೆ ವಾಂತಿ ಭೇದಿ ಪ್ರತ್ಯೇಕ. ಕಡಲಿನ ತಟದಲ್ಲಿ ನಾಯಿ ಉದ್ದ ಹಗ್ಗದಲ್ಲಿರಬೇಕು, ಹಗ್ಗ ಕುತ್ತಿಗೆಯ ಪಟ್ಟಿಗಲ್ಲ, ಎದೆಯ ಹಾರ್ನೆಸ್ಸಿಗೆ.

ಯಾವ ನೀರು ಎನ್ನುವುದಂತೂ ನಮ್ಮ ದೇಶದಲ್ಲಿ ದೊಡ್ಡ ಪ್ರಶ್ನೆ. ಮುಂಬೈಯಲ್ಲಿರುವ ಓದುಗರಿಗೆ ಇಲಿಜ್ವರದ ಬಗ್ಗೆ ನಾನು ಹೇಳಬೇಕಿಲ್ಲ; ಮಳೆಗಾಲದಲ್ಲಿ ನಿಂತ ನೀರಿಗೆ ಇಲಿಯ ಮೂತ್ರ ಸೇರಿ ಬರುವ ಆ ರೋಗ ನಾಯಿಗೂ ಬರುತ್ತದೆ, ನಾಯಿಯಿಂದ ನಮಗೂ ಬರಬಹುದು. ಲಸಿಕೆ ಇದೆ, ವರ್ಷ ವರ್ಷ ಹಾಕಿಸಬೇಕು, ಹಾಕಿಸಿಯೂ ಆ ನೀರಿಗೆ ಇಳಿಸಬಾರದು. ಪವಾಯಿ ಕೆರೆಯಲ್ಲಿ ಮೊಸಳೆಗಳಿವೆ. ದಾಂಡೇಲಿಯ ಕಾಳಿಯಲ್ಲೂ ಇವೆ, ರಂಗನತಿಟ್ಟಿನ ಸುತ್ತಿನ ಕಾವೇರಿಯಲ್ಲೂ ಇವೆ. ರಜೆಗೆ ಊರ ಕಡೆ ಹೋಗಿ ಹೊಳೆ ಕಂಡ ಕೂಡಲೇ ನಾಯಿಯನ್ನು ಬಿಡುವವರು ಮೊದಲು ಅಲ್ಲಿನ ಬೆಸ್ತರನ್ನು ಕೇಳಲಿ. ಹುಸೇನ್ ಸಾಗರಕ್ಕೂ ನಮ್ಮ ಮುಳಾ-ಮುಠೆಗೂ ಯಾವ ನಾಯಿಪ್ರೇಮಿಯೂ ತನ್ನ ನಾಯಿಯನ್ನು ಇಳಿಸಲಾರ ಎಂದುಕೊಂಡಿದ್ದೇನೆ. ಬೇಸಿಗೆಯಲ್ಲಿ ಕೆರೆಯ ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ಕೆನೆಗಟ್ಟಿದ್ದರೆ ದೂರವಿರಿ, ಕೆಲವು ಬಗೆಯ ನೀಲಿ-ಹಸಿರು ಪಾಚಿಯ ವಿಷ ನಾಯಿಯನ್ನು ಗಂಟೆಗಳಲ್ಲಿ ಕೊಲ್ಲಬಲ್ಲದು.

ಇನ್ನೊಂದು ಅಪಾಯ, ಒಳ್ಳೆಯ ನೀರಿನಲ್ಲೇ ಇರುವಂಥದು, ಬಹಳ ಜನಕ್ಕೆ ಗೊತ್ತಿಲ್ಲ. ನಾಯಿ ಈಜು ಕಲಿತು ಚೆಂಡು ತರಲು ಶುರುಮಾಡಿತು ಎಂದಿಟ್ಟುಕೊಳ್ಳಿ. ನಮಗೂ ಖುಷಿ, ಅದಕ್ಕೂ ಖುಷಿ, ನಲವತ್ತು ಸಲ ಎಸೆಯುತ್ತೇವೆ. ಬಾಯಿ ತೆರೆದು ಚೆಂಡು ಕಚ್ಚುವಾಗ ಪ್ರತಿ ಸಲ ಒಂದೊಂದು ಗುಟುಕು ನೀರು ಒಳಗೆ ಹೋಗುತ್ತದೆ. ಹಾಗೆ ಹೆಚ್ಚು ನೀರು ಹೊಟ್ಟೆ ಸೇರಿ ರಕ್ತದಲ್ಲಿನ ಸೋಡಿಯಂ ತೆಳುವಾದರೆ ನಾಯಿ ತೂರಾಡುತ್ತದೆ, ವಾಂತಿ ಮಾಡುತ್ತದೆ, ಹೊಟ್ಟೆ ಉಬ್ಬುತ್ತದೆ, ಕಣ್ಣು ಮಂಕಾಗುತ್ತದೆ. ಸುಸ್ತಾಗಿದೆ, ಮಲಗಲಿ ಎಂದು ಬಿಡಬಾರದು, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು, ಜೀವ ಹೋಗಬಹುದು. ದುಂಡು ಚೆಂಡಿನ ಬದಲು ಬಾಯಿ ಹೆಚ್ಚು ತೆರೆಯದೆ ಹಿಡಿಯಬಹುದಾದ ಚಪ್ಪಟೆ ಆಟಿಕೆ ಒಳ್ಳೆಯದು, ಹತ್ತು ನಿಮಿಷಕ್ಕೊಮ್ಮೆ ಹೊರಗೆ ಕರೆದು ಕೂರಿಸುವುದು ಇನ್ನೂ ಒಳ್ಳೆಯದು. ಇದರ ಮುಂದೆ ಉಳಿದವೆಲ್ಲ ಸಣ್ಣವು: ಕಿವಿ ಒರೆಸುವುದು, ಕ್ಲೋರಿನ್ನು ಹೋಗುವಂತೆ ಮೈ ತೊಳೆಯುವುದು. ಈಜಿದ ಮರುದಿನ ಬಾಲ ಜೀವವಿಲ್ಲದ ಹಗ್ಗದಂತೆ ಜೋತಿದ್ದರೆ ಗಾಬರಿ ಬೇಡ, ಬಾಲದ ಬುಡದ ಸ್ನಾಯು ಸೋತಿರುತ್ತದೆ, ಕೆಲವು ದಿನಕ್ಕೆ ಸರಿಹೋಗುತ್ತದೆ; ನೋವು ಜಾಸ್ತಿ ಎನಿಸಿದರೆ ಡಾಕ್ಟರಿಗೆ ತೋರಿಸಿ. ಕೆಂಚನಿಗೆ ಒಮ್ಮೆ ಹಾಗಾಗಿ ಇಡೀ ಮನೆ ಸೂತಕದಲ್ಲಿತ್ತು.

ನಾಯಿಗಳ ಪೂಲು ನಡೆಸುವವರ ಮೇಲೆ ನನಗೆ ದ್ವೇಷವಿಲ್ಲ. ನಗರದ ನಾಯಿಗೆ ಶುದ್ಧ ನೀರು ಸಿಗುವ ಜಾಗ ಬೇರೆ ಇಲ್ಲ; ಕೀಲುನೋವಿನ ನಾಯಿಗಳಿಗಂತೂ ಅವು ಬೇಕೇ ಬೇಕು. ಆದರೆ ಮಕ್ಕಳ ಈಜುಕೊಳದಲ್ಲಿ ಗಾರ್ಡ್ ಯಾರು ಎಂದು ಕೇಳುವ ನಾವು ಇಲ್ಲಿ ಕೇಳುವುದು ಫೋಟೋ ಪ್ಯಾಕೇಜ್ ಎಷ್ಟು ಎಂದು. ಹತ್ತಲು ಇಳಿಜಾರು ಇದೆಯೇ, ಒಂದು ಹೊತ್ತಿಗೆ ಎಷ್ಟು ನಾಯಿ ಬಿಡುತ್ತೀರಿ, ನಿಮ್ಮವರಲ್ಲಿ ಒಬ್ಬರು ನೀರಿನೊಳಗೆ ಇರುತ್ತಾರೆಯೇ, ನನ್ನ ನಾಯಿಯನ್ನು ನಾನು ಹೇಳದೆ ಎತ್ತುವುದಿಲ್ಲ ತಾನೇ. ಈ ನಾಲ್ಕು ಪ್ರಶ್ನೆ ಕೇಳಿ, ಮುಖ ಸಿಂಡರಿಸಿದರೆ ಬಂದ ದಾರಿ ಹಿಡಿಯಿರಿ. ಗಿರಾಕಿಗಳು ಕೇಳದೆ ಯಾವ ಪೂಲಿನವರೂ ಇಳಿಜಾರು ಕಟ್ಟಿಸುವುದಿಲ್ಲ.

ಕಳೆದ ಡಿಸೆಂಬರಿನಲ್ಲಿ ಕೆಂಚನನ್ನು ಕಾರಿನಲ್ಲಿ ಊರಿಗೆ ಕರೆದುಕೊಂಡು ಹೋಗಿದ್ದೆವು. ಅವನೀಗ 34 ಕಿಲೋ. ಹಳ್ಳದಲ್ಲಿ ಅವನು ಈಜುವುದನ್ನು ಅಪ್ಪ ದಡದಲ್ಲಿ ನಿಂತು ನೋಡಿದರು. "ಈಜ್ತಾನೆ ನೋಡು, ನಾ ಹೇಳಿರಲಿಲ್ವಾ" ಎಂದರು. ನಾನು ವಾದಿಸಲು ಹೋಗಲಿಲ್ಲ. ಸಂಜೆ ತೋಟದ ಕಡೆ ಹೋದಾಗ, ಎರಡು ವರ್ಷದ ಹಿಂದೆ ತೋಡಿಸಿದ ಹೊಂಡದ ಒಂದು ಮೂಲೆಯಲ್ಲಿ ಹಳೆಯ ಟೈರುಗಳನ್ನು ಹಗ್ಗದಿಂದ ಒಂದಕ್ಕೊಂದು ಬಿಗಿದು, ದಡದ ಗೂಟಕ್ಕೆ ಕಟ್ಟಿ, ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ನೀರಿನವರೆಗೆ ಇಳಿಬಿಟ್ಟದ್ದು ಕಂಡಿತು. ಯಾವಾಗ ಮಾಡಿಸಿದಿರಿ ಎಂದು ಕೇಳಿದೆ. "ನೀ ಪೂಲಿನ ಕತೆ ಹೇಳಿದ್ದೆಯಲ್ಲ, ಆಮೇಲೆ" ಎಂದರು ಅಪ್ಪ. ಕೆಂಚ ಟೈರುಗಳ ಮೇಲೆ ಒಂದೊಂದೇ ಕಾಲಿಟ್ಟು ಕೆಳಗಿಳಿದ, ನೀರು ಮೂಸಿದ, ಎರಡು ಗುಟುಕು ಕುಡಿದು ಹಾಗೆಯೇ ಹತ್ತಿ ಬಂದ.